ಕಪ್ಪಾಗದ ಪ್ಯಾಡು

ಅಂಗಡಿಯ ಹಿಂದಿನ ಕೋಣೆ
ಶುಕ್ರವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಚೂಟಿ,

ಹೇಗಿದ್ದೀಯಾ? ಕೆಮ್ಮು ನಿಂತಿತಾ? ಮೊನ್ನೆ ಫೋನಿನಲ್ಲಿ "ಪೂರ್ತಿ ನಿಂತಿದೆ ಅಜ್ಜಿ" ಎಂದೆಯಲ್ಲ, ಆ ಮಾತಿನ ಬಾಲಕ್ಕೇ ಒಂದು ಕೆಮ್ಮು ಕೇಳಿಸಿತು. ನನ್ನ ಕಿವಿ ಮಂದ ನಿಜ, ಅಷ್ಟು ಮಂದವಲ್ಲ. ನರ್ಸ್ ಆಗಲು ಹೊರಟವಳು ಊರಿನವರಿಗೆಲ್ಲ ಮಾತ್ರೆ ಕೊಟ್ಟು ನಿನ್ನ ಗಂಟಲನ್ನು ಮಾತ್ರ ಹಾಗೇ ಬಿಟ್ಟಿದ್ದೀಯಾ ಎಂದು ನನಗೆ ಗುಮಾನಿ. ಹಾಸ್ಟೆಲಿನಲ್ಲಿ ಕೊಡುವ ಹಾಲಿನ ಮೇಲೂ ಗುಮಾನಿಯಿದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ನಾನು ಚೆನ್ನಾಗಿದ್ದೇನೆ. ಮಂಡಿ ಎಂದಿನಂತೆ ಗೊಣಗುತ್ತದೆ, ನಾನೂ ಗೊಣಗುತ್ತೇನೆ, ಇಬ್ಬರೂ ಹೊಂದಿಕೊಂಡು ಹೋಗುತ್ತಿದ್ದೇವೆ. ಫೋನಿರುವಾಗ ಕಾಗದ ಯಾಕೆ ಎನ್ನಬೇಡ. ನಾನು ಫೋನಿನಲ್ಲಿ ಗುಟ್ಟು ಹೇಳಿದರೆ ಪಕ್ಕದ ದರ್ಜಿ ಹೊಲಿಗೆ ನಿಲ್ಲಿಸಿ ಕೇಳುತ್ತಾನೆ. ಈ ಕಾಗದವನ್ನು ಅಂಚೆಗೆ ಹಾಕುವವನೂ ಅವನೇ, ಅದಕ್ಕೇ ಲಕೋಟೆಗೆ ಎರಡು ಸಲ ಅಂಟು ಹಚ್ಚುತ್ತೇನೆ. ಬಿಚ್ಚಿದ ಹಾಗೆ ಕಂಡರೆ ನನಗೆ ತಿಳಿಸು.

ವಿಷಯ ನಿನ್ನ ಅಮ್ಮನದು. ಗಾಬರಿಯಾಗಬೇಡ, ಆರೋಗ್ಯವಾಗಿದ್ದಾಳೆ. ಆದರೆ ಮೂರು ತಿಂಗಳಿಂದ ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾಳೆ. ನಿನ್ನ ಅಪ್ಪ ಹೋದ ಮೇಲೆ ಈ ನಾಲ್ಕು ವರ್ಷ ಅವಳು ಕಾರು ಪಾಲಿಶ್ ಮಾಡುವ ಮಷೀನ್ ಹಿಡಿದು ಅಂಗಡಿಯನ್ನು ಹೇಗೆ ನಿಲ್ಲಿಸಿದಳು ಎಂದು ನಿನಗೆ ಗೊತ್ತು. ನನ್ನ ಪಾಲಿನ ಕೆಲಸವೂ ನಿನಗೆ ಗೊತ್ತು: ಸಂಜೆ ಬಕೆಟ್ಟಿನಲ್ಲಿ ಮಷೀನಿನ ಸ್ಪಂಜಿನ ಪ್ಯಾಡುಗಳನ್ನು ಸೋಪು ಹಾಕಿ ಹಿಂಡುವುದು. ಕಾರಿನ ಮೈಮೇಲೆ ಜೇಡರ ಬಲೆಯಂತೆ ಕಾಣುವ ಸುತ್ತುಗೀರುಗಳನ್ನು ಮಷೀನ್ ಅಳಿಸಿಬಿಡುತ್ತದೆ ಎಂದು ಗಿರಾಕಿಗಳು ನಂಬಿದ್ದಾರೆ. ಅಳಿಸುವುದೆಲ್ಲಿ ಬಂತು! ಗೀರಿನ ಸುತ್ತಲಿನ ಬಣ್ಣವನ್ನೇ ಕೂದಲೆಳೆಯಷ್ಟು ಸವೆಸಿ ಗೀರಿನ ಮಟ್ಟಕ್ಕೆ ತರುತ್ತದೆ, ಅಷ್ಟೇ. ಆದ್ದರಿಂದ ನಿಜವಾದ ಕೆಲಸ ಮಾಡಿದ ಪ್ಯಾಡು ಕೊಳೆಯಾಗಿಯೇ ಬರಬೇಕು. ಗೀರನ್ನು ಮೇಣ ಹಚ್ಚಿ ಮುಚ್ಚುವವರನ್ನು ಕಂಡರೆ ನಿನ್ನ ಅಪ್ಪನಿಗೆ ಆಗುತ್ತಿರಲಿಲ್ಲ. "ಎರಡು ತೊಳೆತಕ್ಕೆ ಬಣ್ಣ ಬಯಲಾಗುತ್ತೆ, ಅದು ಕೆಲಸ ಅಲ್ಲ, ಕಳ್ಳತನ" ಅನ್ನುತ್ತಿದ್ದ.

ಈಗ ಕೇಳು. ನಾಲ್ಕನೇ ಬೀದಿಯ ಕನ್ನಡಕದಂಗಡಿಯವನು ಇದ್ದಾನಲ್ಲ, ಉದ್ದನೆಯ ಆಸಾಮಿ, ತಗ್ಗಿದ ದನಿ, ಮದುವೆ ಗಿದುವೆ ಆಗಿಲ್ಲ. ಅವನ ಹತ್ತಿರ ಅವರಪ್ಪನ ಕಾಲದ ಒಂದು ಕರಿ ಕಾರಿದೆ. ಈ ವರ್ಷದ ಶುರುವಿನಿಂದ ಆ ಕಾರು ಗುರುವಾರ ಬಂತೆಂದರೆ ನಮ್ಮ ಶೆಡ್ಡಿನಲ್ಲಿ ಹಾಜರ್. ತಿಂಗಳಿಗೊಮ್ಮೆ ಶುರುವಾದದ್ದು ಹದಿನೈದು ದಿನಕ್ಕೊಮ್ಮೆ ಆಯಿತು, ಆಮೇಲೆ ವಾರಕ್ಕೊಮ್ಮೆ. ಯಾವ ಕಾರಿಗಪ್ಪಾ ವಾರಕ್ಕೊಮ್ಮೆ ಗೀರು ಬೀಳುತ್ತದೆ? ಅದೂ ಡ್ರೈವರ್ ಪಕ್ಕದ ಬಾಗಿಲೊಂದಕ್ಕೇ! ಕನ್ನಡಕದ ಗಾಜನ್ನು ಎಳೆಗೂಸಿನ ಕೆನ್ನೆ ಒರೆಸಿದಂತೆ ಒರೆಸುವವನಿಗೆ ಕಾರು ಒರೆಸಲು ಬರುವುದಿಲ್ಲವೇ? ನಮ್ಮ ಕೈಚಳಕ ಕದಿಯಲು ಎದುರಿನ ಪಾಲಿಶ್ ಅಂಗಡಿಯವರು ಕಳಿಸಿದ ಬೇಹುಗಾರ ಇರಬೇಕೆಂದುಕೊಂಡೆ. ನಡುವೆ ನನಗೊಂದು ಹೊಸ ಕನ್ನಡಕವನ್ನೂ ಮಾಡಿಕೊಟ್ಟ. ಇದು ಲಂಚವೇ ಸರಿ ಎಂದು ಗಟ್ಟಿ ಮಾಡಿಕೊಂಡೆ. ಹಾಗಂತ ಕನ್ನಡಕವನ್ನು ವಾಪಸು ಕೊಡಲಿಲ್ಲ ಅನ್ನು.

ಆ ಹೊಸ ಕನ್ನಡಕದಿಂದಲೇ ಎಡವಟ್ಟಾಯಿತು. ಅವನ ಕಾರಿನದು ಹಳೇ ಕಾಲದ ಬಣ್ಣ, ಉಜ್ಜಿದರೆ ಪ್ಯಾಡಿಗೆ ಮಸಿಯಂತೆ ಹತ್ತಬೇಕು. ಮೊದಲೆರಡು ತಿಂಗಳು ಹತ್ತುತ್ತಿತ್ತು, ಬಕೆಟ್ ನೀರು ಮೂರು ಸಲ ಬದಲಿಸುತ್ತಿದ್ದೆ. ಆಮೇಲೆ ಹೊಸ ಕನ್ನಡಕ ಹಾಕಿ ನೋಡುತ್ತೇನೆ, ಗುರುವಾರದ ಪ್ಯಾಡು ಕಪ್ಪಾಗುವುದೇ ಇಲ್ಲ! ನೀರು ಒಂದಿಷ್ಟು ಮಂಕಾದರೆ ಹೆಚ್ಚು, ಮೇಲೆ ಮೇಣದ ಜಿಡ್ಡು. ಒಳಗೆ ಮಷೀನ್ ಮಾತ್ರ ಎರಡು ಗಂಟೆ ಗುಂಯ್ ಎನ್ನುತ್ತಲೇ ಇರುತ್ತದೆ. ನಿನ್ನ ಅಪ್ಪ ಯಾವುದನ್ನು ಕಳ್ಳತನ ಎಂದನೋ ಅದನ್ನೇ, ಅವನ ಹೆಸರಿನ ಅಂಗಡಿಯಲ್ಲಿ, ಅವನ ಹೆಂಡತಿಯೇ ಮಾಡುತ್ತಿದ್ದಾಳೆ. ನಾಲ್ಕಾರು ವಾರ ಅವಳ ಮುಖ ನೋಡಿ ಮಾತಾಡಲಿಲ್ಲ. ಅವಳು ತಲೆನೋವಾ ಅತ್ತೆ ಎಂದು ಕೇಳಿದಾಗೆಲ್ಲ ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿದೆ ಎಂದು ಒಳಗೊಳಗೇ ಕುದಿದೆ.

ನಿನ್ನೆ ತಡೆಯಲಾಗಲಿಲ್ಲ. ಅವಳು ಬೀದಿಯ ಕೊನೆಗೆ ಸೋಪು ತರಲು ಹೋದಳು. ನಾನು ಒದ್ದೆ ಪ್ಯಾಡನ್ನು ಹಿಡಿದು ನೇರ ಅವನ ಮುಂದೆ ನಿಂತೆ. ಅಪ್ಪಾ, ನನ್ನ ಸೊಸೆ ನಿನಗೆ ಮೋಸ ಮಾಡುತ್ತಿದ್ದಾಳೆ, ಗೀರು ತೆಗೆಯುತ್ತಿಲ್ಲ, ಬರೀ ಮೇಣ ಬಳಿಯುತ್ತಿದ್ದಾಳೆ, ನಮ್ಮನ್ನು ಕ್ಷಮಿಸು ಎಂದೆ. ಅವನು ಪ್ಯಾಡನ್ನೂ ನೋಡಿದ, ನನ್ನನ್ನೂ ನೋಡಿದ. "ಗೊತ್ತಮ್ಮಾ. ಮೇಣ ಹಚ್ಚಿದ ಮೊದಲನೇ ಸಲದಿಂದಲೇ ಗೊತ್ತು" ಎಂದ. ಆಮೇಲೆ ಕಿವಿಯವರೆಗೆ ಕೆಂಪಾಗಿ ಡಿಕ್ಕಿ ತೆಗೆದು ತೋರಿಸಿದ. ಒಳಗೇನಿತ್ತು ಗೊತ್ತೇ? ಪಾತ್ರೆ ಉಜ್ಜುವ ಹಸಿರು ನಾರು! "ಗೀರು ತಾನಾಗಿ ಬೀಳಲ್ವಲ್ಲಮ್ಮಾ. ಬೇರೆ ಏನು ನೆಪ ಹೇಳ್ಕೊಂಡು ಬರಲಿ?" ಅಂದ. ಅರವತ್ತು ವರ್ಷ ಪಾತ್ರೆ ಉಜ್ಜಿದವಳು ನಾನು, ಆ ಗೀರು ನಾರಿನದೆಂದು ನನಗೇ ಹೊಳೆಯಲಿಲ್ಲವಲ್ಲ! ನಗಬೇಕೋ ಅವನ ತಲೆಗೊಂದು ಮೊಟಕಬೇಕೋ ತಿಳಿಯದೆ ಪ್ಯಾಡು ಹಿಂಡುತ್ತಾ ನಿಂತೆ.

ಅವನ ಕಥೆ ಹಾಗಾಯಿತು, ಇವಳದ್ದೇನು? ಊಟಕ್ಕೆ ಕೂತಾಗ ಆ ಪ್ಯಾಡನ್ನು ಅವಳ ತಟ್ಟೆಯ ಪಕ್ಕ ಇಟ್ಟೆ. ಅವಳು ಊಟ ಬಿಟ್ಟು ಎದ್ದಳು. ಆಮೇಲೆ ಬಣ್ಣದ ದಪ್ಪ ಅಳೆಯುವ ಆ ಪುಟ್ಟ ಮೀಟರನ್ನು ತಂದು ನನ್ನ ಮುಂದಿಟ್ಟು, "ಆ ಬಾಗಿಲಲ್ಲಿ ಸವೆಸೋಕೆ ಇನ್ನು ಬಣ್ಣ ಇಲ್ಲ ಅತ್ತೆ. ಇನ್ನೊಂದು ಸಲ ಉಜ್ಜಿದ್ರೆ ತಗಡು ಕಾಣುತ್ತೆ. ಇನ್ನು ಬರಬೇಡಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ" ಎಂದಳು. ಮೇಣಕ್ಕೆ ಒಂದು ಕಾಸೂ ತಗೊಂಡಿಲ್ಲವಂತೆ. ಅಷ್ಟು ಹೇಳಿ ಅತ್ತುಬಿಟ್ಟಳು. ಕಣ್ಣೊರೆಸಿಕೊಂಡು, ಇನ್ನು ಬರಬೇಡಿ ಎಂದು ಮುಂದಿನ ಗುರುವಾರ ಹೇಳಿಬಿಡುತ್ತೇನೆ, ಮಗಳಿಗೆ ಇಷ್ಟವಿಲ್ಲ ಎಂದಳು.

ನಿನಗೆ ನೆನಪಿರಬೇಕು. ಕಳೆದ ರಜೆಯಲ್ಲಿ ಅವನು ನಿನ್ನ ಅಪ್ಪನ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದಾಗ "ಇವರಿಗೆ ಸ್ವಂತ ಮನೆ ಇಲ್ಲವಾ?" ಎಂದು ಅವನಿಗೆ ಕೇಳುವಂತೆಯೇ ಕೇಳಿ, ಎರಡು ದಿನ ಮೊದಲೇ ಬ್ಯಾಗು ಕಟ್ಟಿ ಹೊರಟೆಯಲ್ಲ. ನಿನ್ನನ್ನು ಬೈಯುತ್ತಿಲ್ಲ, ಬಂಗಾರ. ನಿನಗಿಂತ ನಾನೇನು ಮೇಲು? ನಿನ್ನೆ ಅವಳು ಅತ್ತಾಗ ನನಗೆ ಮೊದಲು ಬಂದದ್ದು ಕನಿಕರವಲ್ಲ, ಹೊಟ್ಟೆಕಿಚ್ಚು. ನನ್ನ ಮಗ ಮಣ್ಣಿನಲ್ಲಿದ್ದಾನೆ, ಇವಳಿಗೆ ಗುರುವಾರ ಬಂತೇ ಎನ್ನಿಸಿತು. ಎರಡನೆಯದು ಹೆದರಿಕೆ: ಇವಳು ಹೋದರೆ ಈ ಮುದುಕಿಯ ಗತಿಯೇನು? ಅದಾದ ಮೇಲೆ ಮಲಗಿ ಲೆಕ್ಕ ಹಾಕಿದೆ. ನಾಲ್ಕು ವರ್ಷದಲ್ಲಿ ಅವಳು ತನಗಾಗಿ ಒಂದೇ ಒಂದು ಸುಳ್ಳು ಹೇಳಿದ್ದಾಳೆ. ಅದನ್ನೂ ಯಾರ ಕಾರೂ ಹಾಳಾಗದಂತೆ ಹೇಳಿದ್ದಾಳೆ. ಅಂಥವಳ ಮೇಲೆ ಗುಮಾನಿ ಪಟ್ಟೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಹೊಟ್ಟೆ ತುಂಬ ಉಣ್ಣು, ಕೆಮ್ಮಿಗೆ ಮಾತ್ರೆ ತಗೋ. ನೂರು ಕಾಲ ಚೆನ್ನಾಗಿರು, ನಿನ್ನ ಕೈ ಸೋಕಿದ ರೋಗಿಗಳೂ ಚೆನ್ನಾಗಿರಲಿ.

ಇಂತಿ ನಿನ್ನ,
ಗುಮಾನಿ ಅಜ್ಜಿ

ತಾ.ಕ.: ದರ್ಜಿ ಬಾಗಿಲಲ್ಲಿ ಕಾಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಕನ್ನಡಕದ ಕಡ್ಡಿ ಸಡಿಲಾಗಿದೆ ಎಂದು ಸುಳ್ಳು ಹೇಳಿ ನಾನೇ ಅವನ ಅಂಗಡಿಗೆ ಹೋಗಿ ಬಂದೆ. ಮುಂದಿನ ಗುರುವಾರ ಕಾರು ತರಬೇಡ, ನಡೆದುಕೊಂಡು ಬಾ ಎಂದಿದ್ದೇನೆ. ನಿನ್ನ ಅಮ್ಮನಿಗೆ ಗೊತ್ತಿಲ್ಲ. ಅವನನ್ನು ಒಪ್ಪಿಕೋ ಎಂದು ನಾನು ಹೇಳಿದರೆ ಅತ್ತೆ ಹೇಳಿದಳೆಂದು ತಲೆಯಾಡಿಸಿ, ಅವನು ಬಂದಾಗ ವಾಪಸು ಕಳಿಸುತ್ತಾಳೆ. ಅವಳು ಕಾಯುತ್ತಿರುವುದು ನಿನ್ನ ಮಾತಿಗೆ. ಬುಧವಾರ ಫೋನ್ ಮಾಡು. ಬೇಡ ಎನ್ನುವುದಾದರೆ ನನಗೆ ಹೇಳು, ನಾನೇ ಬಾಗಿಲಲ್ಲಿ ನಿಂತು ಅವನನ್ನು ಕಳಿಸುತ್ತೇನೆ, ಅಮ್ಮನಿಗೆ ನಿನ್ನ ಹೆಸರು ಹೇಳುವುದಿಲ್ಲ. ಹೂಂ ಎನ್ನುವುದಾದರೆ ಅವಳಿಗೇ ಹೇಳು.