ನಕ್ಷೆಯಲ್ಲಿ ಉಳಿದುಹೋದ ಸೂಗಪ್ಪನ ದವಾಖಾನೆ

ಆಸ್ಪತ್ರೆಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಸಾಹೇಬರೇ,

ನಿಮ್ಮ ಇಲಾಖೆಯ ಆಸ್ಪತ್ರೆಯೊಂದು ಕಳುವಾಗಿದೆ. ಬಾಗಿಲು, ಕಿಟಕಿ, ಮಂಚ, ತೂಕದ ಯಂತ್ರ ಎಲ್ಲದರ ಸಮೇತ.

ಪೊಲೀಸರಿಗೆ ಫೋನು ಹಚ್ಚಿದ್ದರೆ ಕೆಳಗಿಡಿ. ಕಳುವಾಗಿಲ್ಲ. ಇಷ್ಟಾದರೂ ಕೂಗದಿದ್ದರೆ ನಿಮ್ಮ ಕಚೇರಿಯಲ್ಲಿ ಈ ಪತ್ರದ ಎರಡನೇ ಸಾಲಿಗೆ ಯಾರೂ ಬರಲಾರರು ಎಂದು ಸುಳ್ಳು ಹೇಳಿದೆ. ಆಸ್ಪತ್ರೆ ಸೇಡಂ–ಚಿಂಚೋಳಿ ದಾರಿಯ ನಮ್ಮೂರಲ್ಲಿ ಭದ್ರವಾಗಿಯೇ ಇದೆ. ಆದರೆ ಅದು ಇದೆ ಎನ್ನುವುದು ನಿಮಗೆ, ನಮಗೆ ಮತ್ತು ಒಳಗೆ ಕುಳಿತ ನರ್ಸಮ್ಮನಿಗೆ ಮಾತ್ರ ಗೊತ್ತು. ಊರ ನಡುವೆ ಇದ್ದದ್ದನ್ನು ಊರಾಚೆ, ಗೊಬ್ಬರದ ಗೋದಾಮಿನ ಹಿಂದಕ್ಕೆ ಒಯ್ದಿರಿ. ಮಂಚ ಒಯ್ದಿರಿ, ಕಪಾಟು ಒಯ್ದಿರಿ, ಬೋರ್ಡನ್ನು ಮಾತ್ರ ಹಳೆಯ ಕಟ್ಟಡದ ಗೋಡೆಗೆ ಒರಗಿಸಿ ಬಂದಿರಿ. ಈಗ ಅದರ ಮೇಲೆ ಯಾರೋ ಶೇಂಗಾ ಒಣಗಿಸುತ್ತಾರೆ. ರೋಗಿಗಳ ಜೊತೆ ಕಣ್ಣಾಮುಚ್ಚಾಲೆ ಆಡುವುದು ಯಾವ ಯೋಜನೆಯಡಿ ಬರುತ್ತದೆ, ಸ್ವಾಮಿ?

ಫೋನಿನಲ್ಲಿ ನೋಡಿಕೊಳ್ಳಲಿ ಎನ್ನುತ್ತೀರಿ. ನೋಡಬಹುದಿತ್ತು. ಸೇಡಂ ದಾಟಿದರೆ ನಮ್ಮ ಕಡೆ ನೆಟ್ಟೂ ಇಲ್ಲ, ನೆಟ್ಟಗಿನ ರಸ್ತೆಯೂ ಇಲ್ಲ. ಅದಕ್ಕೇ ಟಂಟಂ ಆಟೋ ಓಡಿಸುವವರು ವಾಡಿ ಸ್ಟೇಷನ್ನಿನಲ್ಲಿ ನಿಂತು, ಅಲ್ಲಿ ಪುಕ್ಕಟೆ ಸಿಗುವ ವೈಫೈನಲ್ಲಿ ಈ ಭಾಗದ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳುತ್ತಾರೆ. ಆಮೇಲೆ ನೆಟ್ಟಿಲ್ಲದಿದ್ದರೂ ಅದು ದಾರಿ ತೋರಿಸುತ್ತದೆ. ಜಾಣತನದ ಕೆಲಸ. ಆದರೆ ಇಳಿಸಿಕೊಂಡ ದಿನ ನಕ್ಷೆಯಲ್ಲಿ ಏನಿತ್ತೋ, ಮತ್ತೆ ಹೊಸದಾಗಿ ಇಳಿಸುವವರೆಗೆ ಅದೇ ಇರುತ್ತದೆ. ಈ ಒಂದು ಸಂಗತಿ ನನಗೆ ಗೊತ್ತಿರಲಿಲ್ಲ.

ಸೂಗಪ್ಪ ನನ್ನ ಎದುರು ಮನೆಯವನು. ಯಾರು ಕೆಮ್ಮಿದರೂ ಶುಂಠಿ, ಯಾರು ಕುಂಟಿದರೂ ಎಳ್ಳೆಣ್ಣೆ. ಕೇಳದವರಿಗೂ ಔಷಧ ಹೇಳುವ ಪುಣ್ಯಾತ್ಮ. ಫೋನಿನ ನಕ್ಷೆಯಲ್ಲಿ ನಮ್ಮೂರಿಗೆ ಆಸ್ಪತ್ರೆಯೇ ಇಲ್ಲವೆಂದು ಕಂಡು, ಒಂದು ಮಧ್ಯಾಹ್ನ ಸೇಡಂನಲ್ಲಿ ಕುಳಿತು ಅವನ ಮನೆಯಿದ್ದ ಜಾಗದಲ್ಲಿ ನಾನೇ ಒಂದನ್ನು ಮಂಜೂರು ಮಾಡಿದೆ. ‘ಸೂಗಪ್ಪ ದವಾಖಾನೆ, ಹಗಲು ರಾತ್ರಿ ತೆರೆದಿರುತ್ತದೆ.’ ನಕ್ಷೆಗೆ ಯಾರು ಬೇಕಾದರೂ ಜಾಗ ಸೇರಿಸಬಹುದು. ನಿಮ್ಮ ಇಲಾಖೆಯ ಹಾಗೆ ಹನ್ನೊಂದು ಸಹಿ ಕೇಳುವುದಿಲ್ಲ. ಗೆಳೆಯರು ಐದೈದು ನಕ್ಷತ್ರ ಕೊಟ್ಟರು. ಮಾತ್ರೆ ಮಾರುವ ಕಂಪನಿಯ ಹುಡುಗನೊಬ್ಬ ಟೈ ಕಟ್ಟಿಕೊಂಡು ಬಂದು ಎಮ್ಮೆ ಮೈ ತೊಳೆಯುತ್ತಿದ್ದ ಸೂಗಪ್ಪನನ್ನು ‘ಸರ್’ ಎಂದಾಗ ನಾನು ಕಟ್ಟೆಯ ಮೇಲಿಂದ ಉರುಳುವುದೊಂದು ಬಾಕಿ. ಸೂಗಪ್ಪ ನನ್ನ ಜೊತೆ ಮಾತು ಬಿಟ್ಟ. ಅವನ ಹೆಂಡತಿ ಮಹಾದೇವಮ್ಮ ಬಂದು, “ಅಣ್ಣಾ, ನಗೂದು ಸಾಕಾತು, ತೆಗದುಬಿಡ್ರಿ,” ಎಂದಳು. ಸೇಡಂಗೆ ಹೋಗಿ ಅಳಿಸಿದೆ. ನಕ್ಷೆಯಿಂದ ಹೋಯಿತು. ವಾಡಿಯಲ್ಲಿ ಮೊದಲೇ ಇಳಿಸಿಕೊಂಡವರ ಫೋನುಗಳಿಂದ ಹೋಗಲಿಲ್ಲ.

ಶಹಾಬಾದಿನ ತೌಹೀದ ಮಳೆಗಾಲದಲ್ಲಿ ಭಂಕೂರದ ಕೂಲಿ ಹೆಂಗಸರನ್ನು ತನ್ನ ಟಂಟಂನಲ್ಲಿ ನಮ್ಮ ಕಡೆಯ ತೊಗರಿ ಹೊಲಗಳಿಗೆ ಕಳೆ ತೆಗೆಯಲು ಕರೆತರುತ್ತಾನೆ. ಈ ಸಲ ಹಾಗೆ ಬಂದ ನಾಗರತ್ನಾ ಎಂಬ ಹೆಣ್ಣುಮಗಳಿಗೆ ಹಾವು ಕಚ್ಚಿತು. ತೌಹೀದ ಫೋನು ತೆಗೆದ. ವಾಡಿಯಲ್ಲಿ ಇಳಿಸಿಕೊಂಡಿದ್ದ ಹಳೆಯ ನಕ್ಷೆ ಹತ್ತಿರದ ದವಾಖಾನೆ ತೋರಿಸಿತು. ಅವನು ಗಾಡಿ ಓಡಿಸಿದ, ನಿಮ್ಮ ಆಸ್ಪತ್ರೆ ಅಡಗಿದ ಗೋದಾಮಿನ ಮುಂದೆಯೇ ಹಾದು. ಅಲ್ಲೊಂದು ಬೋರ್ಡಿದ್ದರೆ ಬ್ರೇಕು ಒತ್ತುತ್ತಿದ್ದ. ಇರಲಿಲ್ಲ. ಊರೊಳಗೆ ಬಂದು ಸೂಗಪ್ಪನ ಮನೆ ಮುಂದೆ ನಿಲ್ಲಿಸಿದ.

“ಡಾಕ್ಟರ್ ಸಾಬ್ರು ಎಲ್ಲೀದಾರ್ರಿ?”

“ಯಾವ ಡಾಕ್ಟರಪಾ? ಇದು ನಮ್ಮ ಮನಿ,” ಎಂದ ಸೂಗಪ್ಪ.

ತೌಹೀದ ಫೋನು ಅವನ ಮುಖಕ್ಕೆ ಹಿಡಿದ. “ಇದ್ರಾಗ ಇಲ್ಲೇ ಅಂತ ತೋರಸಲಾಕತ್ತದಲ್ರೀ ಚಾಚಾ.”

ಗಾಡಿಯ ಒಳಗಿಂದ ನಾಗರತ್ನಾ ಅಂದಳು, “ಕಾಲ ಭಾಳ ಉರಿಲಾಕತ್ತದಣ್ಣಾ. ಎಲ್ಲೆರೆ ಲಗೂ ನಡಿ.”

ನಾನು ಟಂಟಂನ ಹಿಂದೆ ಹತ್ತಿ ದಾರಿ ತೋರಿಸಿದೆ. ಸಂದಿಯಲ್ಲಿ ಗಾಡಿ ತಿರುಗಿಸಲಿಕ್ಕಾಗದೆ ಊರು ಸುತ್ತಿ ಹೋದೆವು. ನಿಮ್ಮ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಔಷಧವಿತ್ತು, ಅದನ್ನೂ ಹೇಳಬೇಕು. ನರ್ಸಮ್ಮ ತಡಮಾಡದೆ ಅದನ್ನು ಸಲೈನಿನಲ್ಲಿ ಹಚ್ಚಿದಳು. ಅಲ್ಲಿಂದ ಕಲಬುರಗಿಗೆ. ನಾಗರತ್ನಾ ಬದುಕಿದಳು. ಪಾದದ ಗಾಯ ಕೊಳೆತು ಎರಡು ಬೆರಳು ತೆಗೆದರು. ಇನ್ನಷ್ಟು ಬೇಗ ಬಂದಿದ್ದರೆ ಚೆನ್ನಾಗಿತ್ತು ಎಂದು ದೊಡ್ಡ ಡಾಕ್ಟರು ತೌಹೀದನನ್ನು ಬೈದರಂತೆ. ಅವನು ಫೋನನ್ನು ಬೈದನಂತೆ. ಈಗ ಅವಳಿಗೆ ಕುಕ್ಕರಗಾಲಿನಲ್ಲಿ ಕೂರಲಾಗುವುದಿಲ್ಲ. ಕುಕ್ಕರಗಾಲಿನಲ್ಲಿ ಕೂರದೆ ಕಳೆ ತೆಗೆಯುವುದು ಹೇಗೆಂದು ನಿಮ್ಮ ಯಾವ ಸುತ್ತೋಲೆಯಲ್ಲಾದರೂ ಇದ್ದರೆ ಕಳುಹಿಸಿ, ಭಂಕೂರಕ್ಕೆ ಒಯ್ದು ಕೊಡುತ್ತೇನೆ. ನೋಡಲು ಹೋದಾಗ ಅವಳು ಗೋಡೆ ಹಿಡಿದು ಎದ್ದು ನನಗೆ ಚಹಾ ಮಾಡಿದಳು. “ಹಿರ್ಯಾರು ಗಾಡಿ ಹತ್ತಿ ದಾರಿ ತೋರಿಸಿದ್ರು, ಇಲ್ಲಂದ್ರ ನಾ ಉಳಿತಿದ್ದಿಲ್ಲ,” ಎಂದು ಅವ್ವನ ಮುಂದೆ ಹೇಳಿದಳು. ನಾನು ಚಹಾ ಕುಡಿದು ಬಂದೆ. ಹೇಳಬೇಕಾದ್ದನ್ನು ಹೇಳಲಿಲ್ಲ.

ನನ್ನ ಬೇಡಿಕೆ ಇಷ್ಟು. ಗೋದಾಮಿನ ಮುಂದೆ, ಓಡುವ ಗಾಡಿಯಿಂದ ಓದಬರುವಷ್ಟು ದೊಡ್ಡ ಬೋರ್ಡು ಹಾಕಿಸಿ, ಕನ್ನಡದಲ್ಲೂ ಉರ್ದುವಿನಲ್ಲೂ. ಚಿತ್ತಾಪುರದಿಂದ ಸುಲೇಪೇಟದವರೆಗೆ ನಿಮ್ಮ ಪ್ರತಿ ಆಸ್ಪತ್ರೆಯನ್ನು ನಿಮ್ಮ ಕಚೇರಿಯೇ ನಕ್ಷೆಗೆ ಸೇರಿಸಲಿ. ನೀವು ಖಾಲಿ ಬಿಟ್ಟ ಜಾಗದಲ್ಲಿ ನನ್ನಂಥವರು ಆಟ ಆಡುತ್ತಾರೆ. ಹಳೆಯ ನಕ್ಷೆ ಅಳಿಸಿ ಹೊಸದನ್ನು ಇಳಿಸಿಕೊಳ್ಳಿ ಎಂದು ವಾಡಿ ಸ್ಟೇಷನ್ನಿನ ಮುಂದೆ ಟಂಟಂನವರಿಗೆ ನಾನು ದಿನಾ ಹೇಳುತ್ತಿದ್ದೇನೆ. ಮುದುಕ ಮತ್ತೇನೋ ಚೇಷ್ಟೆ ನಡೆಸಿದ್ದಾನೆಂದು ನಗುತ್ತಾರೆ. ನಿಮ್ಮ ಖಾಕಿ ಲಕೋಟೆ ಹೇಳಿದರೆ ನಂಬಿಯಾರು.

ಸುಳ್ಳು ದವಾಖಾನೆ ಇಟ್ಟದ್ದು ನಾನೆಂದು ಊರಿಗೆಲ್ಲ ಗೊತ್ತು; ಅದನ್ನು ಒಪ್ಪಿಕೊಳ್ಳುವುದರಲ್ಲಿ ಹೆಚ್ಚುಗಾರಿಕೆಯಿಲ್ಲ. ಯಾರಿಗೂ ಗೊತ್ತಿಲ್ಲದ್ದು ಒಂದಿದೆ. ಟಂಟಂ ನಮ್ಮ ಸಂದಿಗೆ ತಿರುಗಿದಾಗ ನಾನು ಎದುರು ಕಟ್ಟೆಯ ಮೇಲೆಯೇ ಇದ್ದೆ. ನಾನು ಅಳಿಸಿದ ದವಾಖಾನೆ ಇನ್ನೂ ಯಾರದೋ ಫೋನಿನಲ್ಲಿ ಉಳಿದಿದೆ, ಗಾಡಿ ಅದಕ್ಕೇ ಬಂತೆಂದು ನೋಡಿದ ಕೂಡಲೇ ತಿಳಿಯಿತು. ಒಳಗೊಬ್ಬ ಹೆಣ್ಣುಮಗಳು ಒರಗಿದ್ದೂ, ಕಾಲಿಗೆ ಬಟ್ಟೆ ಬಿಗಿದದ್ದೂ ಕಂಡಿತು. ಸಂದಿಯ ಬಾಯಲ್ಲೇ ಕೈ ಅಡ್ಡ ಹಿಡಿದಿದ್ದರೆ ಗಾಡಿ ಅಲ್ಲಿಂದಲೇ ಹಿಂದಿರುಗುತ್ತಿತ್ತು. ನಾನು ಏಳಲಿಲ್ಲ. ಸೂಗಪ್ಪನ ಮುಖ ಹೇಗಾಗುತ್ತದೋ ನೋಡೋಣವೆಂದು ಕುಳಿತೇ ಇದ್ದೆ.

ಇಂತಿ,
ಆಮೇಲೆ ಎದ್ದವನು,
ಅಂಬಾರಾಯ