ಎಡಕ್ಕೆ ತಿರುಗಿಸಿ, ಗ್ರೀಸ್ ಮರೆಯಬೇಡಿ

ಇಂಗ್ಲೆಂಡಿನ ವಿದೇಶಾಂಗ ಇಲಾಖೆಯ ಹಿರಿಯ ಅಧಿಕಾರಿಗಳಾದ ಮಾನ್ಯರೇ,

ಮ್ಯೂನಿಕ್ ಒಪ್ಪಂದದಿಂದ ತಮ್ಮ ದೇಶಕ್ಕೆ ಒಂದು ವರ್ಷದ ಕಾಲಾವಕಾಶ ಸಿಕ್ಕಿತೆಂದು ತಾವು ಹೇಳಿದ್ದು ಹೋದ ಶನಿವಾರದ ಪತ್ರಿಕೆಯಲ್ಲಿತ್ತು. ನನಗೆ ಅಚ್ಚಿನ ಸಣ್ಣ ಅಕ್ಷರ ಈಗ ಕಾಣುವುದಿಲ್ಲ. ಪ್ರತಿ ಶನಿವಾರ ನನ್ನ ಹೆಂಡತಿ ರೂಜೆನಾ ಅಡುಗೆಮನೆಯ ಮೇಜಿಗೆ ಕೂತು ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಜಾಹೀರಾತಿನವರೆಗೆ ಗಟ್ಟಿಯಾಗಿ ಓದುತ್ತಾಳೆ. ನಿಮ್ಮ ಮಾತನ್ನೂ ಓದಿದಳು. ಆ ಒಂದು ವರ್ಷ ಯಾರ ಮನೆಯಿಂದ ತೆಗೆದದ್ದು ಎಂಬುದೇ ನನ್ನ ತಕರಾರು. ಸಿಟ್ಟಿನಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಸಿಟ್ಟು ಬಂದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಓದುವಾಗ ನಾನು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದೆ. ಓದಿ ಮುಗಿಸಿದ ಮೇಲೂ ತೆಗೆಯುತ್ತಲೇ ಇದ್ದೆ.

ನಾನು ಫಿರಂಗಿ ರಿಪೇರಿಯವನು. 1938ರಲ್ಲಿ ನಮ್ಮೂರಿನ ಮೇಲಿನ ಗಡಿಗುಡ್ಡದ ಕಾಂಕ್ರೀಟ್ ಕೋಟೆಯಲ್ಲಿ ಕೆಲಸಕ್ಕಿದ್ದೆ. ಟ್ಯಾಂಕ್ ಹೊಡೆಯುವ ಅಲ್ಲಿನ ಫಿರಂಗಿಗಳನ್ನು ನೋಡಿಕೊಳ್ಳುವುದು ನನ್ನ ಪಾಲಿನದು. ಅದರಲ್ಲಿ ಒಂದಕ್ಕೆ ಗುಂಡು ತುಂಬುತ್ತಿದ್ದವನು ನನ್ನ ಒಬ್ಬನೇ ಮಗ ವೊಯ್ತೆಖ್. ಆಗ ಅವನಿಗೆ ಇಪ್ಪತ್ತು. ಸೆಪ್ಟೆಂಬರಿನಲ್ಲಿ ಸೈನ್ಯಕ್ಕೆ ಕರೆ ಬಂದಾಗ ನಮ್ಮೂರಿನ ಗಂಡಸರು ಬ್ರೆಡ್ಡು, ಕಂಬಳಿ ಹೆಗಲಿಗೇರಿಸಿಕೊಂಡು ಓಡಿಬಂದಿದ್ದರು. ಆ ವರ್ಷ ಕಾಡಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಅಣಬೆ. ಹುಡುಗರು ಕಾವಲಿನ ಬಿಡುವಿನಲ್ಲಿ ಅವನ್ನು ಆರಿಸಿ, ದಾರಕ್ಕೆ ಪೋಣಿಸಿ, ಕೋಟೆಯ ಗಾಳಿಕೊಳವೆಯ ಪಕ್ಕ ಒಣಗಲು ಹಾಕಿದ್ದರು. ಬುತ್ತಿ ತಂದ ನನ್ನ ಅತ್ತೆ ಅದನ್ನು ನೋಡಿ ಮುಖ ಸಿಂಡರಿಸಿದಳು.

"ಇಷ್ಟೊಂದು ಅಣಬೆ ಎದ್ದ ವರ್ಷ ಯುದ್ಧ ಬಂದೇ ಬರುತ್ತೆ ಕಣೋ. ಹದಿನಾಲ್ಕನೇ ಇಸವೀಲೂ ಹಿಂಗೇ ಎದ್ದಿತ್ತು."

ಎಲ್ಲರೂ ನಕ್ಕೆವು. ಆದರೆ ಮಾನ್ಯರೇ, ಅಕ್ಷರ ಬಾರದ ಆ ಮುದುಕಿಗೆ ಅಣಬೆ ನೋಡಿ ಗೊತ್ತಾದದ್ದು, ದಿನಕ್ಕೆ ನೂರು ತಂತಿ ಓದುವ ನಿಮ್ಮ ಕಚೇರಿಗೆ ಏಕೆ ಗೊತ್ತಾಗಲಿಲ್ಲ? ಆಫ್ರಿಕಾದ ಒಂದು ದೇಶವನ್ನು ಹಾಡಹಗಲೇ ನುಂಗಿದರು, ನೀವು ಖಂಡನಾ ನಿರ್ಣಯ ಬರೆದಿರಿ. ಒಪ್ಪಂದದ ಪ್ರಕಾರ ಸೈನ್ಯ ಇರಬಾರದ ನದೀತೀರಕ್ಕೆ ಸೈನ್ಯ ನುಗ್ಗಿತು, ಅದು ಅವರದೇ ಹಿತ್ತಲಲ್ಲವೇ ಎಂದಿರಿ. ನಮ್ಮ ಪಕ್ಕದ ದೇಶ ಎರಡು ದಿನದಲ್ಲಿ ಮಾಯವಾಯಿತು, ವಿಷಾದ ಎಂದಿರಿ. ಪ್ರತಿ ಸಲವೂ ನುಂಗಿದವರು ಇದೇ ಕೊನೆಯದು ಎಂದರು. ಪ್ರತಿ ಸಲವೂ ನೀವು ನಂಬಿದಿರಿ. ಇಷ್ಟು ಸಲ ನಂಬುವುದಕ್ಕೆ ಯಾವ ಕಾಲೇಜಿನಲ್ಲಿ ಓದಬೇಕು ಸ್ವಾಮಿ?

ಕೊನೆಗೆ ನಾಲ್ಕು ದೇಶದ ದೊಡ್ಡವರು ಮ್ಯೂನಿಕ್ಕಿನಲ್ಲಿ ಸೇರಿ ನಮ್ಮ ಗುಡ್ಡವನ್ನು ಗಡಿಯಾಚೆಯ ಸರ್ವಾಧಿಕಾರಿಗೆ ಕೊಟ್ಟುಬಿಟ್ಟರು. ನಮ್ಮ ಪ್ರತಿನಿಧಿಗಳು ಆಗ ಹೋಟೆಲಿನ ಕೋಣೆಯಲ್ಲಿ ಕಾಯುತ್ತಾ ಕೂತಿದ್ದರು. ಒಳಗೆ ಅವರಿಗೆ ಕುರ್ಚಿ ಇರಲಿಲ್ಲ. ಅಷ್ಟು ದೊಡ್ಡ ಕಟ್ಟಡದಲ್ಲಿ ಕುರ್ಚಿಗೇನು ಬರಗಾಲವಿತ್ತೋ ನನಗೆ ತಿಳಿಯದು. ಒಂದು ಗುಂಡೂ ಹಾರಿಸದೆ ಜಾಗ ಬಿಡಿ ಎಂದು ನಮಗೆ ಆದೇಶ ಬಂತು. ಸಿಪಾಯಿಗಳು ಹೋ ಎಂದು ಅತ್ತರು. ವೊಯ್ತೆಖ್ ಒಣಗಿದ ಅಣಬೆಯ ದಾರಗಳನ್ನು ಬಿಚ್ಚಿ ಚೀಲಕ್ಕೆ ತುಂಬಿದ. ನಾನು ಫಿರಂಗಿ ಬಿಚ್ಚಲು ಸ್ಪ್ಯಾನರ್ ತೆಗೆದುಕೊಂಡೆ.

ನನ್ನ ತಪ್ಪು ಅಲ್ಲಿಂದ ಶುರುವಾಯಿತು. ಫಿರಂಗಿಗಳನ್ನು ಬಿಚ್ಚಿ ಒಳನಾಡಿನ ಗೋದಾಮಿಗೆ ಸಾಗಿಸಬೇಕಿತ್ತು. ನಮ್ಮ ಕ್ಯಾಪ್ಟನ್ ಕುಬಿಚೆಕ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು.

"ಚೆನೆಕ್, ಸಾಗಿಸೋವಾಗ ನಿನ್ ಸುತ್ತಿಗೆ ಒಂದೆರಡು ಸಲ ಕೈಜಾರಿದ್ರೆ ನಾನೇನೂ ನೋಡಿಲ್ಲ ಅಂದ್ಕೊಂಡುಬಿಡು."

"ಯಾಕೆ ಸಾರ್? ವಸಂತಕ್ಕೆ ವಾಪಸ್ ಬರ್ತೀವಲ್ಲ. ಮತ್ತೆ ಜೋಡಿಸೋನು ನಾನೇ ತಾನೆ?"

"ಬರ್ತೀವಿ ಅಂತ ಯಾರೋ ಹೇಳಿದ್ದು ನಿಂಗೆ?"

"ಉಳಿದ ನೆಲಕ್ಕೆ ನಾವು ಹೊಣೆ ಅಂತ ದೊಡ್ಡೋರು ಬರ್ಕೊಟ್ಟಿದಾರಲ್ಲ ಸಾರ್."

ವೊಯ್ತೆಖ್ ಪಕ್ಕದಲ್ಲೇ ಇದ್ದ. "ಬಿಡಿ ಕ್ಯಾಪ್ಟನ್, ಅಪ್ಪನ ಕೈಲಿ ಕೆಲಸ ಕೆಡಿಸೋದು ಆಗೋ ಮಾತಲ್ಲ. ಜಾಮ್ ಬಾಟ್ಲಿಗೂ ತಗಡಿನ ಚೀಟಿ ಕಟ್ಟೋ ಆಸಾಮಿ. ಅಮ್ಮ ಸ್ವಲ್ಪ ಹೊತ್ತು ಸುಮ್ನೆ ನಿಂತ್ರೆ ಅವ್ಳಿಗೂ ಒಂದು ಕಟ್ಟಿಬಿಡ್ತಾರೆ."

ಅವನು ಹೇಳಿದ್ದು ನಿಜ. ನಮ್ಮ ಕಡೆ ಕೆಲಸ ಕಲಿಸುವುದೇ ಹಾಗೆ: ಬಿಚ್ಚಿದ್ದನ್ನು ಮುಂದೆ ಯಾರೇ ಜೋಡಿಸಲಿ, ಅವರು ತಡವರಿಸಬಾರದು. ಪ್ರತಿ ಭಾಗಕ್ಕೂ ತಗಡಿನ ಚೀಟಿ ಮಾಡಿ, ಉಳಿಯಿಂದ ಅಕ್ಷರ ಕೊರೆದು, ತಂತಿಯಿಂದ ಬಿಗಿದೆ. ತಿರುಗಣಿಗೆ ಕಟ್ಟಿದ ತಗಡಿನಲ್ಲಿ 'ಮೊದಲು ಎಡಕ್ಕೆ ತಿರುಗಿಸಿ. ಗ್ರೀಸ್ ಮರೆಯಬೇಡಿ. ಚೆನೆಕ್' ಎಂದಿತ್ತು. ಗ್ರೀಸನ್ನು ಧಾರಾಳವಾಗಿ ಹಚ್ಚಿದೆ. ಹೋಗುವ ಮುನ್ನ ಕೋಟೆಯ ನೆಲವನ್ನೂ ಗುಡಿಸಿದೆ. ನಿಮ್ಮ ಸಹಿಯನ್ನು ನಾನು ಅಷ್ಟು ನಂಬಿದ್ದೆ.

ನೀವು ಕೊಟ್ಟ ಭರವಸೆ ಐದೂವರೆ ತಿಂಗಳು ಬಾಳಿತು. ಮಾರ್ಚಿನಲ್ಲಿ ಆ ಸರ್ವಾಧಿಕಾರಿಯ ಸೈನಿಕರು ನಮ್ಮ ರಾಜಧಾನಿಗೇ ಬಂದರು, ಗೋದಾಮೂ ಅವರದಾಯಿತು. ಭರವಸೆ ಕೊಟ್ಟವರು ಪತ್ರ ಬರೆದು ಪ್ರತಿಭಟಿಸಿದರು. ಆಮೇಲಿನದು ನಿಮಗೇ ಗೊತ್ತು. ನಮ್ಮ ಕಾರ್ಖಾನೆಯಲ್ಲಿ ತಯಾರಾದ ಟ್ಯಾಂಕುಗಳು ಪೋಲೆಂಡಿಗೆ ಹೋದವು, ಫ್ರಾನ್ಸಿಗೆ ಹೋದವು. ಕಂಡವರ ನೆಲ ನುಂಗಿದರೂ ಇಲ್ಲಿ ಯಾರೂ ಕೇಳುವುದಿಲ್ಲ ಎಂಬುದನ್ನು ಭೂಮಿಯ ಆ ತುದಿಯಲ್ಲಿದ್ದವರೂ ನೋಡಿ ಕಲಿತರು, ನಿಮ್ಮ ಸಿಂಗಾಪುರವನ್ನೇ ಕಿತ್ತುಕೊಂಡರು. ನಮ್ಮ ಗುಡ್ಡದ ಬಾಗಿಲು ತೆರೆದರೆ ಸಿಂಗಾಪುರದವರೆಗೆ ಗಾಳಿ ಬೀಸುತ್ತದೆಂದು ನಿಮಗೆ ಯಾರೂ ಹೇಳಲಿಲ್ಲವೇ? ನಿಮ್ಮ ಒಂದು ವರ್ಷದಲ್ಲಿ ನಮ್ಮನ್ನು ನುಂಗಿದವರೂ ಸುಮ್ಮನೆ ಕೂತಿರಲಿಲ್ಲ. ಅವರ ಕೈಯಲ್ಲಿ ನಮ್ಮ ಉಕ್ಕಿತ್ತು, ನನ್ನ ತಗಡಿನ ಚೀಟಿಗಳಿದ್ದವು.

ವೊಯ್ತೆಖ್ 1939ರ ಬೇಸಿಗೆಯಲ್ಲಿ, ಯುದ್ಧ ಶುರುವಾಗುವ ಮುನ್ನವೇ, ಪೋಲೆಂಡಿನ ಗಡಿ ದಾಟಿ ತಪ್ಪಿಸಿಕೊಂಡ. ಫ್ರಾನ್ಸಿಗೆ ಹೋಗಿ, ಅಲ್ಲಿಂದ ಇಂಗ್ಲೆಂಡಿಗೆ ಹೋಗಿ, ನಮ್ಮವರ ಟ್ಯಾಂಕ್ ದಳ ಸೇರಿದ. 1944ರ ಅಕ್ಟೋಬರ್ 28, ನಮ್ಮ ದೇಶ ಹುಟ್ಟಿದ ದಿನ, ಫ್ರಾನ್ಸಿನಲ್ಲಿ ಶತ್ರುಗಳ ಕೈಯಲ್ಲಿದ್ದ ಡನ್‌ಕರ್ಕ್ ಬಂದರಿಗೆ ಹಾಕಿದ ಮುತ್ತಿಗೆಯಲ್ಲಿ ಅವನ ಟ್ಯಾಂಕಿಗೆ ಗುಂಡು ಬಿತ್ತು. ಅವನು ಉಳಿಯಲಿಲ್ಲ.

ಯುದ್ಧ ಮುಗಿದ ಮೇಲೆ, ಹೋದ ವರ್ಷ ಜುಲೈನಲ್ಲಿ, ಅವನ ದಳದ ಗೆಳೆಯ ರಾದಿಮ್ ನಮ್ಮ ಮನೆಗೆ ಬಂದ. ರೂಜೆನಾ ಕಾಡಿಗೆ ನೇರಳೆಹಣ್ಣು ಆರಿಸಲು ಹೋಗಿದ್ದಳು. ಅವನು ಜೇಬಿನಿಂದ ಎರಡು ವಸ್ತು ತೆಗೆದು ಮೇಜಿನ ಮೇಲಿಟ್ಟ. ಒಂದು ವೊಯ್ತೆಖನ ಕೈಗಡಿಯಾರ. ಇನ್ನೊಂದು ತಗಡಿನ ಚೂರು.

"ಯಜಮಾನ್ರೇ, ಇದು ನಿಮ್ ಕೈಬರಹ ಅಲ್ವಾ? ವೊಯ್ತೆಖ್ ನಿಮ್ ತಗಡಿನ ಕತೆ ಹೇಳಿ ಹೇಳಿ ನಮ್ಮನ್ನ ನಗಿಸ್ತಿದ್ದ. ಅವ್ರು ಶರಣಾದ್ಮೇಲೆ ಬಂದರಿನ ಒಳಗೆ ಹೋಗಿ ನೋಡಿದ್ರೆ, ಒಂದು ಫಿರಂಗಿಗೆ ಇದು ಇನ್ನೂ ಹಂಗೇ ಕಟ್ಟಿತ್ತು."

ಅಕ್ಷರ ನನ್ನದೇ. ಹೆಸರೂ ನನ್ನದೇ. ಆಗ ನಾನು ಕೇಳಬಾರದ್ದನ್ನು ಕೇಳಿದೆ. ಮೂವತ್ತು ವರ್ಷದ ಅಭ್ಯಾಸ, ಬಾಯಿಗೆ ಬಂದುಬಿಟ್ಟಿತು.

"ಫಿರಂಗಿ ಹೆಂಗಿತ್ತಪ್ಪಾ?"

ರಾದಿಮ್ ತಗಡನ್ನು ನನ್ನ ಕಡೆಗೆ ಸರಿಸಿದ. "ಚೆನ್ನಾಗಿ ಕೆಲಸ ಮಾಡ್ತಿತ್ತು" ಎಂದ.

"ಅವ್ನ ಟ್ಯಾಂಕಿಗೆ ಹೊಡೆದದ್ದು ಅದೇನಾ?"

"ಗೊತ್ತಿಲ್ಲ ಯಜಮಾನ್ರೇ. ಆ ಕಡೆ ಅಂಥವು ಮೂರಿದ್ವು. ನಿಜವಾಗ್ಲೂ ಗೊತ್ತಿಲ್ಲ."

ಅಂಗಳದಲ್ಲಿ ರೂಜೆನಾಳ ಬಕೆಟ್ಟಿನ ಸದ್ದಾಯಿತು. ನಾನು ತಗಡನ್ನು ಜೇಬಿಗೆ ಹಾಕಿಕೊಂಡೆ. ಅವಳಿಗೆ ಸಿಕ್ಕಿದ್ದು ಗಡಿಯಾರ ಮಾತ್ರ. ಅದನ್ನು ಕಿವಿಗಿಟ್ಟುಕೊಂಡು ಅತ್ತಳು, ಆಮೇಲೆ ರಾದಿಮ್‌ಗೆ ನೇರಳೆಹಣ್ಣಿನ ಕಡುಬು ಮಾಡಿ ಬಡಿಸಿದಳು. ನಾನು ಅಳಲಿಲ್ಲ, ಇವತ್ತಿನವರೆಗೂ ಅತ್ತಿಲ್ಲ. ಎದೆಯೊಳಗೆ ಏನೂ ಓಡಾಡುತ್ತಿಲ್ಲ. ಹದಿನಾಲ್ಕು ತಿಂಗಳಿಂದ ಅವಳಿಗೆ ಹೇಳಬೇಕೆಂದು ದಿನವೂ ಬಾಯಿ ತೆರೆಯುತ್ತೇನೆ, ಉಪ್ಪು ಕೊಡು ಎಂದು ಕೇಳಿ ಮುಚ್ಚುತ್ತೇನೆ.

ಮಾನ್ಯರೇ, ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟಲು ಇದನ್ನು ಬರೆದಿಲ್ಲ. ಸುತ್ತಿಗೆ ಕೈಜಾರಿಸು ಎಂದು ಕ್ಯಾಪ್ಟನ್ ಹೇಳಿದಾಗ ನಾನು ಒಲ್ಲೆ ಎಂದೆ, ಅದು ನನ್ನದೇ. ಆದರೆ ನೀವೂ ನಮ್ಮ ದೇಶವೆಂಬ ಒಂದು ಯಂತ್ರ ಬಿಚ್ಚಿಕೊಟ್ಟವರೇ. ನನ್ನ ಕೆಲಸಕ್ಕೆ ನಾನು ಹೆಸರು ಹಾಕಿದ್ದೆ, ಅದು ತಿರುಗಿ ನನ್ನ ಮನೆಗೆ ಬಂತು. ನಿಮ್ಮ ಕೆಲಸಕ್ಕೆ ನೀವು ಇಟ್ಟ ಹೆಸರು 'ಕಾಲಾವಕಾಶ'. ಅದು ಯಾರ ಮನೆಗೆ ಬಂತು ಎಂದು ಎಂದಾದರೂ ವಿಚಾರಿಸಿದ್ದೀರಾ?

ನನ್ನ ಬೇಡಿಕೆ ಸಣ್ಣದು. ಈ ಪತ್ರ ಬರುವ ಶನಿವಾರ ಅದೇ ಪತ್ರಿಕೆಯಲ್ಲಿ ಅಚ್ಚಾಗುತ್ತದೆಂದು ಸಂಪಾದಕರು ಹೇಳಿದ್ದಾರೆ. ರೂಜೆನಾ ಎಂದಿನಂತೆ ಗಟ್ಟಿಯಾಗಿ ಓದುತ್ತಾಳೆ, ಒಂದು ಸಾಲನ್ನೂ ಬಿಡುವವಳಲ್ಲ. ಅವಳು ಈ ಸಾಲಿಗೆ ಬಂದಾಗ ನೀವು ನಮ್ಮ ಅಡುಗೆಮನೆಯಲ್ಲಿ ಇರಬೇಕು. ಅವಳು ಏನು ಕೇಳಿದರೂ ಉತ್ತರ ಕೊಡಬೇಕು. ನಿಮ್ಮ ಕೋಣೆಯಲ್ಲಿ ನಮಗೆ ಕುರ್ಚಿ ಇರಲಿಲ್ಲ, ನಿಜ. ನಮ್ಮ ಮೇಜಿಗೆ ಮೂರು ಕುರ್ಚಿಗಳಿವೆ. ಅದರಲ್ಲಿ ಒಂದು ಖಾಲಿ.

ನೀವು ಬರುವುದಿಲ್ಲವೆಂದು ಗೊತ್ತು. ಆದ್ದರಿಂದ, ರೂಜೆನಾ, ತಗಡು ಕೊಟ್ಟಿಗೆಯಲ್ಲಿ ಮೊಳೆ ಡಬ್ಬದ ತಳದಲ್ಲಿದೆ. ಹೋಗಿ ನೋಡಿ ಬಾ. ನಾನು ಇಲ್ಲೇ ಕೂತಿರುತ್ತೇನೆ.

ಇಂತಿ,
ಕೆಲಸ ಕೆಡಿಸಲು ಕಲಿಯದೆ ಹೋದ
ಚೆನೆಕ್ ದೊಸ್ತಾಲೆಕ್
ಜಾಂಬೆರ್ಕ್, ಸೆಪ್ಟೆಂಬರ್ 1946