ಆರು ಸೆಕೆಂಡಿನ ತಪ್ಪು

ಐಮಂಗಲ
೧೭ ಫೆಬ್ರವರಿ ೨೦೨೪

ಪ್ರೀತಿಯ ಎತ್ತಪ್ಪನಿಗೆ,

ನಿನ್ನ ಕಾಗದಕ್ಕೆ ಎರಡು ತಿಂಗಳು ಉತ್ತರ ಬರೆಯಲಿಲ್ಲ. ಬೈದುಕೊಂಡಿರುತ್ತೀಯ, ಬೈದುಕೋ. ಮಾಡದಕೆರೆಯಲ್ಲಿ ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಫೋನ್ ಮಾಡಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕುತ್ತೀಯ. ಈ ಕಥೆಯನ್ನು ತೆಪ್ಪಗೆ ಕೇಳಬೇಕು.

ಮಗಳು ಅನುಷಾ ದುರ್ಗದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳಲ್ಲ, ನನ್ನ ಗ್ಯಾರೇಜಿನಲ್ಲೇ ಒಬ್ಬರು ಕೂರುವ ಪುಟ್ಟ ಕಾರು ಕಟ್ಟಿದಳು. ಬೆಸುಗೆ ನನ್ನದು, ಬುದ್ಧಿ ಲ್ಯಾಪ್‌ಟಾಪಿನದಂತೆ! ಕಾರಿಗೆ ಚಕ್ರ ಹಾಕುವ ಮೊದಲೇ ಅದನ್ನು ಲ್ಯಾಪ್‌ಟಾಪಿನೊಳಗೆ ಓಡಿಸಿ, ಊರ ಹಿಂದಿನ ದಿಬ್ಬವನ್ನು ಅರವತ್ತು ಸೆಕೆಂಡಿನಲ್ಲಿ ಹತ್ತುತ್ತದೆ ಎಂದು ಬರೆದಿಟ್ಟಳು. ಕೂಸು ಹುಟ್ಟುವ ಮುಂಚೆ ಕುಲಾವಿ.

ಅವಳ ಮೇಷ್ಟ್ರು ದಯಾನಂದ ಪರೀಕ್ಷೆ ಮಾಡಲು ಬಂದರು. ಇಸ್ತ್ರಿ ಮುರಿಯದ ಅಂಗಿ. ಸ್ಪ್ಯಾನರ್ ಯಾವ ಕಡೆಯಿಂದ ಹಿಡಿಯಬೇಕೆಂದು ತಿಳಿಯದ ಮನುಷ್ಯ. "ಎರಡು ಸೆಕೆಂಡಿಗಿಂತ ಜಾಸ್ತಿ ತಪ್ಪಿದ್ರೆ ಪಾಸ್ ಮಾಡಲ್ಲ ಕಣಮ್ಮ" ಎಂದರು.

ಓಡಿಸಿದ್ದು ನಾನೇ. ಐವತ್ತನಾಲ್ಕು ಸೆಕೆಂಡು! "ನೋಡ್ರಿ ಮೇಷ್ಟ್ರೇ, ನಿಮ್ ಡಬ್ಬಕ್ಕಿಂತ ನನ್ ಕೈ ಜೋರೈತೆ" ಅಂದೆ. ಅವರು ತುಟಿ ಸೊಟ್ಟ ಮಾಡಿ, "ಲೆಕ್ಕ ತಪ್ಪೈತೆ, ಕಾರಣ ಹುಡುಕು" ಎಂದು ಅನುಷಾಗೆ ಹೇಳಿ ಹೋದರು. ಅವಳ ಮುಖ ಸಪ್ಪಗಾಯಿತು. ನನಗೆ, ಸುಳ್ಳೇಕೆ ಹೇಳಲಿ, ಖುಷಿಯೇ ಆಯಿತು. ಮೂರು ದಿನ ಊಟ ಬಿಟ್ಟು ಟೈರು, ದಿಬ್ಬದ ಏರು, ಗಾಳಿ ಎಲ್ಲವನ್ನೂ ಮತ್ತೆ ಅಳೆದಳು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ, ಬಿಡವ್ವ" ಎಂದು ರೇಗಿಸಿದೆ.

ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಏನಾದರೂ ಆಗಲಿ, ಮೇಷ್ಟ್ರು ಮಾತ್ರ ಆಗದಿರಲಿ.

ಇಂತಿ ನಿನ್ನ
ಹನುಮಂತರಾಜು

ತಾ.ಕ.: ಕಾರಣ ನಿನ್ನೆ ಸಿಕ್ಕಿತು. ಅನುಷಾ ಅಳೆಯದೆ, ನನ್ನ ಬಾಯಿಮಾತು ನಂಬಿ ಬರೆದುಕೊಂಡ ಅಂಕಿ ಒಂದೇ: ನನ್ನ ತೂಕ. ಅರವತ್ತೆಂಟು ಕೆಜಿ ಅಂದಿದ್ದೆ. ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಹೊಸದುರ್ಗದ ಕೊಬ್ಬರಿ ಮಂಡಿಯಲ್ಲಿ ಮೂಟೆ ತೂಗುವ ಮಿಷನ್ನಿನ ಮೇಲೆ ನಾವಿಬ್ಬರೂ ತಮಾಷೆಗೆ ನಿಂತಿದ್ದೆವಲ್ಲ, ಆಗ ಬಂದದ್ದು ಅದು. ಅಂದಿನಿಂದ ಕೇಳಿದವರಿಗೆಲ್ಲ ಅದನ್ನೇ ಹೇಳುತ್ತ ಬಂದೆ. ನಿನ್ನೆ ಸೊಸೈಟಿಗೆ ಕರೆದೊಯ್ದು ತೂಗಿಸಿದಳು. ಐವತ್ತೊಂದು. ಅದನ್ನು ಹಾಕಿದರೆ ಲ್ಯಾಪ್‌ಟಾಪು ಸರಿಯಾಗಿ ಐವತ್ತನಾಲ್ಕು ಸೆಕೆಂಡು ತೋರಿಸಿತು. ಆರು ತಿಂಗಳಿಂದ ನನಗೆ ಊಟ ಸೇರುತ್ತಿಲ್ಲ, ಬೆಲ್ಟಿಗೆ ಮೂರು ಹೊಸ ತೂತು ಹೊಡೆದಿದ್ದೇನೆ. ಯಾರಿಗೂ ಹೇಳಿರಲಿಲ್ಲ. "ನನ್ ಲೆಕ್ಕ ಸರಿಯಾಗೇ ಐತಪ್ಪ, ನೀನೇ ಕಮ್ಮಿಯಾಗಿದೀಯ" ಎಂದು ಸೊಸೈಟಿ ಬಾಗಿಲಲ್ಲೇ ಕುಂತು ಅತ್ತಳು. ಮುಂದಿನ ಶುಕ್ರವಾರ ದುರ್ಗದ ಆಸ್ಪತ್ರೆಗೆ ಹೋಗಬೇಕು. ನನಗೆ ಹೆದರಿಕೆಯಾಗಿದೆ, ಎತ್ತಪ್ಪ. ನನ್ನಾಕೆ ಓಬಕ್ಕನಿಗೆ ಇನ್ನೂ ಹೇಳಿಲ್ಲ. ನೀನು ಜೊತೆಗೆ ಬಾ.